ಎಷ್ಟು ರೀಲು, ಎಷ್ಟು ಬಿಸಿಲು: ಕಪ್ಪು-ಬಿಳುಪು ಫಿಲಂ ತೊಳೆಯುವ ಕೆಮಿಕಲ್‌ಗಳನ್ನು ಆರಿಸುವುದು, ಕಾಪಾಡುವುದು

ತಿಂಗಳಿಗೆ ಎಷ್ಟು ರೀಲು ತೊಳೆಯುತ್ತೀರಿ? ಡೆವಲಪರ್, ಅಂದರೆ ಫಿಲಂ ಮೇಲೆ ಚಿತ್ರ ಮೂಡಿಸುವ ದ್ರವ, ಕೊಳ್ಳುವ ಮೊದಲು ಕೇಳಿಕೊಳ್ಳಬೇಕಾದ ಪ್ರಶ್ನೆ ಇದು. ಎರಡನೆಯ ಪ್ರಶ್ನೆ, ಬಾಟಲಿ ಇಡುವ ಜಾಗ ಮೇ ತಿಂಗಳ ಮಧ್ಯಾಹ್ನ ಎಷ್ಟು ಕಾಯುತ್ತದೆ ಎಂಬುದು. ಗ್ರೇನ್ (ಚಿತ್ರದಲ್ಲಿ ಕಾಣುವ ಕಾಳುಕಾಳು) ಸಣ್ಣದೋ ದಪ್ಪವೋ, ಟೋನ್ ಮೃದುವೋ ಗಡುಸೋ ಎಂಬ ಚರ್ಚೆ ಇವೆರಡರ ನಂತರ. ಎಷ್ಟೇ ಒಳ್ಳೆಯ ಡೆವಲಪರ್ ಆದರೂ ಬಾಟಲಿಯೊಳಗೇ ಸತ್ತುಹೋದರೆ ಅದರಿಂದ ಬರುವುದು ಖಾಲಿ ಫಿಲಂ ಮಾತ್ರ. ಒಮ್ಮೆ ಕೆಟ್ಟ ರೀಲನ್ನು ಮತ್ತೆ ತೆಗೆಯಲು ಆಗುವುದಿಲ್ಲ.

ಮನೆಯಲ್ಲಿ ಫಿಲಂ ತೊಳೆಯಲು ಬೇಕಾದ ಕೆಮಿಕಲ್‌ಗಳು ಮೂರೇ: ಡೆವಲಪರ್, ಅದರ ಕೆಲಸ ನಿಲ್ಲಿಸುವ ಸ್ಟಾಪ್ ಬಾತ್, ಉಳಿದ ಬೆಳ್ಳಿಯ ಲವಣ ಕರಗಿಸಿ ಚಿತ್ರವನ್ನು ಉಳಿಸುವ ಫಿಕ್ಸರ್. ಕೊನೆಯ ತೊಳೆತಕ್ಕೆ ಕೆಲವು ಹನಿ ವೆಟಿಂಗ್ ಏಜೆಂಟ್, ಅಂದರೆ ನೀರು ಹನಿಗಟ್ಟದಂತೆ ಜಾರಿಸುವ ದ್ರವ. ಇವುಗಳಲ್ಲಿ ಬೇಗ ಕೆಡುವುದು, ಕೆಟ್ಟರೆ ಎಲ್ಲವನ್ನೂ ಕೆಡಿಸುವುದು ಡೆವಲಪರ್. ಫಿಕ್ಸರ್ ಸರಿಯಿಲ್ಲದಿದ್ದರೆ ಮತ್ತೆ ಹೊಸದರಲ್ಲಿ ಅದ್ದಿ ಸರಿಪಡಿಸಬಹುದು. ಡೆವಲಪರ್ ಕೈಕೊಟ್ಟರೆ ತಿದ್ದುವ ದಾರಿಯಿಲ್ಲ.

ಯಾವ ಡೆವಲಪರ್

ತಿಂಗಳಿಗೆ ಒಂದೋ ಎರಡೋ ರೀಲು ತೊಳೆಯುವವರಿಗೆ ರೋಡಿನಾಲ್. ಜರ್ಮನಿಯ ಆಗ್ಫಾ 1891ರಲ್ಲಿ ಇದರ ಪೇಟೆಂಟ್ ಪಡೆಯಿತು. ಈಗ ಅದೇ ಬಗೆಯ ದ್ರವ ಅಡೋನಾಲ್, ಆರ್09 ಎಂಬ ಹೆಸರುಗಳಲ್ಲೂ ಸಿಗುತ್ತದೆ. ಬಾಟಲಿ ತೆರೆದು ವರ್ಷಗಳಾದರೂ ಇದು ಕೆಲಸ ಮಾಡುತ್ತದೆ. ಬಣ್ಣ ಕಾಫಿ ಡಿಕಾಕ್ಷನ್‌ನಂತಾದರೂ ಹೆದರಬೇಕಿಲ್ಲ, ತಳದಲ್ಲಿ ಹರಳು ಕೂತರೂ ಹೆದರಬೇಕಿಲ್ಲ. 1 ಪಾಲು ದ್ರವಕ್ಕೆ 25 ಅಥವಾ 50 ಪಾಲು ನೀರು ಬೆರೆಸಿ, ಒಮ್ಮೆ ಬಳಸಿ ಚೆಲ್ಲುವುದು ಪದ್ಧತಿ. ರೀಲು ಹಾಕಿ ತೊಳೆಯುವ ಮುಚ್ಚಿದ ಡಬ್ಬಿ, ಅಂದರೆ ಟ್ಯಾಂಕು, 300 ಮಿ.ಲೀ.ನದಾದರೆ 1+50ರಲ್ಲಿ 6 ಮಿ.ಲೀ. ಸಾಕು. ಇಷ್ಟು ಸಣ್ಣ ಅಳತೆಯನ್ನು ಅಳತೆ ಜಾರ್‌ನಲ್ಲಿ ಅಂದಾಜು ಮಾಡಬೇಡಿ, ಔಷಧಿ ಅಂಗಡಿಯ 10 ಮಿ.ಲೀ. ಸಿರಿಂಜ್ ತೆಗೆದುಕೊಳ್ಳಿ. ಒಂದು ಮಿ.ಲೀ. ಹೆಚ್ಚುಕಡಿಮೆಯಾದರೂ ಆರರಲ್ಲಿ ಒಂದು ಭಾಗ ತಪ್ಪಿದಂತೆ. ಇದರ ದೋಷವೆಂದರೆ ಗ್ರೇನ್ ಎದ್ದು ಕಾಣುತ್ತದೆ. 100 ಐಎಸ್‌ಒ ಫಿಲಂಗೆ ಅಂದವಾಗಿ ಒಪ್ಪುತ್ತದೆ, 400ರ ಫಿಲಂಗೆ ಆ ಒರಟುತನ ಇಷ್ಟವಿದ್ದರೆ ಮಾತ್ರ. ದ್ರವ ತೀರಾ ಕ್ಷಾರ, ಕಣ್ಣಿಗೆ ಹಾರಿದರೆ ಅಪಾಯ. ಕನ್ನಡಕವಿಲ್ಲದೆ ಮುಚ್ಚಳ ತೆಗೆಯಬೇಡಿ.

ತಿಂಗಳಿಗೆ ನಾಲ್ಕರಿಂದ ಎಂಟು ರೀಲು ತೊಳೆಯುವವರಿಗೆ ಡಿ-76. ಇಲ್ಫೋರ್ಡ್‌ನ ಐಡಿ-11 ಕೂಡ ಹೆಚ್ಚುಕಡಿಮೆ ಅದೇ. 1927ರಲ್ಲಿ ಕೊಡಾಕ್ ಸಿನಿಮಾ ನೆಗೆಟಿವ್‌ಗಳಿಗಾಗಿ ಹೊರತಂದ ಈ ಸೂತ್ರ ಇವತ್ತಿಗೂ ಉಳಿದ ಡೆವಲಪರ್‌ಗಳನ್ನು ಹೋಲಿಸಿ ನೋಡುವ ಅಳತೆಗೋಲು. ಹೆಚ್ಚಿನ ಫಿಲಂಗಳ ಡಬ್ಬಿ ಅಥವಾ ಚೀಟಿಯಲ್ಲಿ ಡಿ-76 ಅಥವಾ ಐಡಿ-11ರ ಸಮಯ ಇರುತ್ತದೆ. ಹೊಸಬರಿಗೆ ನಾವು ಇದನ್ನೇ ಹೇಳುವುದು. ಪುಡಿಯನ್ನು ನೀರಿನಲ್ಲಿ ಬೆರೆಸಿದ ಮೂಲ ದ್ರವ, ಅಂದರೆ ಸ್ಟಾಕ್, ಕತ್ತಿನವರೆಗೆ ತುಂಬಿ ಬಿಗಿಯಾಗಿ ಮುಚ್ಚಿದ ಬಾಟಲಿಯಲ್ಲಿ 6 ತಿಂಗಳು, ಅರ್ಧ ಖಾಲಿಯಾದ ಬಾಟಲಿಯಲ್ಲಿ 2 ತಿಂಗಳು ಎಂಬುದು ತಯಾರಕರ ಲೆಕ್ಕ. ಅದು ತಂಪಾದ ಕೋಣೆಯ ಲೆಕ್ಕ ಎಂಬುದನ್ನು ಮರೆಯಬೇಡಿ.

ಸ್ಟಾಕ್ ಮತ್ತು ನೀರು ಸಮಸಮ ಸೇರಿಸಿ ಒಮ್ಮೆ ಬಳಸಿ ಚೆಲ್ಲುವುದು ಒಳ್ಳೆಯದು. ಪ್ರತಿ ಸಲವೂ ಡೆವಲಪರ್ ಒಂದೇ ಶಕ್ತಿಯದಾಗಿರುತ್ತದೆ, ಹಿಂದಿನ ರೀಲಿನ ಕಸ ಮುಂದಿನದಕ್ಕೆ ಬರುವುದಿಲ್ಲ. ಆದರೆ ಇಲ್ಲೊಂದು ಸೂಕ್ಷ್ಮವಿದೆ. 36 ಚಿತ್ರಗಳ ಒಂದು ರೀಲಿಗೆ ಸುಮಾರು 240 ಮಿ.ಲೀ. ಸ್ಟಾಕ್ ಬೇಕು. 290 ಮಿ.ಲೀ. ಹಿಡಿಯುವ ಸಣ್ಣ ಟ್ಯಾಂಕಿನಲ್ಲಿ ಸಮಸಮ ಬೆರೆಸಿದರೆ ಸ್ಟಾಕ್ 145 ಮಿ.ಲೀ. ಮಾತ್ರ ಆಗುತ್ತದೆ. ಆಗ ಸಮಯವನ್ನು ನೂರಕ್ಕೆ ಹತ್ತರಷ್ಟು ಹೆಚ್ಚಿಸಬೇಕು. ಇಲ್ಲವೇ ದೊಡ್ಡ ಟ್ಯಾಂಕಿನಲ್ಲಿ ಒಂದೇ ರೀಲು ಹಾಕಿ 500 ಮಿ.ಲೀ. ತುಂಬಿ. ನೆಗೆಟಿವ್ ಯಾಕೋ ಸ್ವಲ್ಪ ತೆಳು ಬರುತ್ತಿದೆ ಎನ್ನುವ ದೂರಿನ ಬೇರು ಬಹಳ ಸಲ ಇಲ್ಲೇ ಇರುತ್ತದೆ.

ಎಕ್ಸ್‌ಟಾಲ್ 1996ರಲ್ಲಿ ಬಂದದ್ದು. ಗ್ರೇನ್ ನಯ, ನೆರಳಿನ ವಿವರ ಚೆನ್ನ, ಪುಡಿ ಕರಗಿಸಲು ಬಿಸಿನೀರೂ ಬೇಡ. ಇದರ ಮೂಲ ಆಸ್ಕಾರ್ಬಿಕ್ ಆಮ್ಲದ ಬಳಗದ ವಸ್ತು, ಅಂದರೆ ವಿಟಮಿನ್ ಸಿಯ ನೆಂಟ. ನೀರಿನಲ್ಲಿ ಕಬ್ಬಿಣ ಅಥವಾ ತಾಮ್ರದ ಸೋಂಕು ಇದ್ದರೆ ಇದು ಬೇಗ ಕೆಡುತ್ತದೆ, ಕೆಟ್ಟರೂ ಬಣ್ಣ ಬದಲಾಗುವುದಿಲ್ಲ. ನಿನ್ನೆ ಸರಿಯಿದ್ದ ದ್ರವ ಇವತ್ತು ನೀರಿನಷ್ಟೇ ತಿಳಿಯಾಗಿದ್ದು ಒಳಗೆ ಸತ್ತಿರುತ್ತದೆ. ಪ್ಯಾಕೆಟ್ 5 ಲೀಟರಿನದು ಬೇರೆ. ಬೋರ್‌ವೆಲ್ ನೀರಿನ ಊರಿನಲ್ಲಿ, ತಿಂಗಳಿಗೆ ಎರಡು ರೀಲಿನ ಮನೆಯಲ್ಲಿ ಇದು ಬೇಡ. ಗುಂಪಾಗಿ ತೊಳೆಯುವವರು ಡಿಸ್ಟಿಲ್ಡ್ ನೀರಿನಲ್ಲಿ ಬೆರೆಸಿದರೆ ಇದಕ್ಕಿಂತ ಒಳ್ಳೆಯದು ಕಡಿಮೆ.

ಕೊಡಾಕ್‌ನ ಇನ್ನೊಂದು ಡೆವಲಪರ್ ಎಚ್‌ಸಿ-110 ಬಗ್ಗೆ ಒಂದು ಮಾತು. ಹಳೆಯ ಎಚ್‌ಸಿ-110 ಜೇನಿನಂಥ ಪಾಕವಾಗಿತ್ತು, ಅರ್ಧ ಬಾಟಲಿ ವರ್ಷಗಟ್ಟಲೆ ಬಾಳುತ್ತಿತ್ತು. ಈಚೆಗೆ ಬರುತ್ತಿರುವುದು ತೆಳುವಾದ ದ್ರವ. ಹಳೆಯದರ ಆಯುಸ್ಸನ್ನು ಇದರಿಂದ ನಿರೀಕ್ಷಿಸಬೇಡಿ.

ಮೆಡಿಕಲ್ ಅಂಗಡಿಗಳಲ್ಲಿ ಸಿಗುವ ಎಕ್ಸ್-ರೇ ಡೆವಲಪರ್ ಅಗ್ಗ. ಆದರೆ ಅದು ಎಕ್ಸ್-ರೇ ಹಾಳೆಗೆ ಬೇಕಾದ ಗಡುಸು ಕಾಂಟ್ರಾಸ್ಟಿಗಾಗಿ ಮಾಡಿದ್ದು. ಕ್ಯಾಮೆರಾ ಫಿಲಂನಲ್ಲಿ ಮುಖದ ಮೇಲಿನ ಬೆಳಕು ಸುಣ್ಣ ಬಳಿದಂತೆ ಬರುತ್ತದೆ. ಎಕ್ಸ್-ರೇ ಫಿಕ್ಸರ್ ಮಾತ್ರ ಧಾರಾಳವಾಗಿ ಬಳಸಬಹುದು.

ಪ್ಯಾಕೆಟ್ ಪುಡಿಯ ವಿಷಯದಲ್ಲಿ ಒಂದು ತಪ್ಪು ಮತ್ತೆ ಮತ್ತೆ ಆಗುತ್ತದೆ: ಅರ್ಧ ಪುಡಿ ಇವತ್ತು, ಉಳಿದರ್ಧ ಮುಂದಿನ ತಿಂಗಳು. ಹಾಗೆ ಮಾಡುವಂತಿಲ್ಲ. ಒಳಗಿನ ವಸ್ತುಗಳಲ್ಲಿ ಚಿತ್ರ ಮೂಡಿಸುವ ಮೆಟಾಲ್ ಹಗುರ ಪುಡಿ, ಅದನ್ನು ಗಾಳಿಯಿಂದ ಕಾಪಾಡುವ ಸಲ್ಫೈಟ್ ಭಾರದ ಕಾಳು. ಸಾಗಣೆಯ ಅಲುಗಾಟದಲ್ಲಿ ಅವು ಪದರ ಪದರವಾಗಿ ಬೇರ್ಪಟ್ಟಿರುತ್ತವೆ. ಮೇಲಿನ ಅರ್ಧದಲ್ಲಿ ಒಂದು ಡೆವಲಪರ್, ಕೆಳಗಿನ ಅರ್ಧದಲ್ಲಿ ಇನ್ನೊಂದು ಸಿಗುತ್ತದೆ. ಇಡೀ ಪ್ಯಾಕೆಟ್ ಒಟ್ಟಿಗೆ ಬೆರೆಸಿ, ಸಣ್ಣ ಬಾಟಲಿಗಳಿಗೆ ಹಂಚಿ.

ಸ್ವಂತ ಕೈಯಿಂದ ಡಿ-76

ನಮ್ಮ ಹವೆಗೆ ನಿಜವಾಗಿ ಹೊಂದುವ ದಾರಿ ಇದು. ಒಣಗಿದ ಬಿಡಿ ಪುಡಿಗಳು ವರ್ಷಗಟ್ಟಲೆ ಇರುತ್ತವೆ, ಬೇಕಾದಾಗ ಒಂದು ಲೀಟರ್ ಬೆರೆಸಿಕೊಂಡರೆ ದ್ರವವನ್ನು ಕಾಪಾಡುವ ತಲೆನೋವೇ ಅರ್ಧ ಇಳಿಯುತ್ತದೆ. ಲ್ಯಾಬ್ ಕೆಮಿಕಲ್ ಮಾರುವ ಅಂಗಡಿಗಳಲ್ಲಿ ಎಲ್ಲವೂ ಸಿಗುತ್ತದೆ. ಎಲ್‌ಆರ್ ಎಂದು ಬರೆದ ದರ್ಜೆ ಸಾಕು, ದುಬಾರಿ ಎಆರ್ ದರ್ಜೆ ಬೇಡ.

ಒಂದು ಲೀಟರಿಗೆ:
ಮೆಟಾಲ್ 2 ಗ್ರಾಂ
ಸೋಡಿಯಂ ಸಲ್ಫೈಟ್, ಅನ್‌ಹೈಡ್ರಸ್ (ನೀರಿನಂಶವಿಲ್ಲದ್ದು) 100 ಗ್ರಾಂ
ಹೈಡ್ರೋಕ್ವಿನೋನ್ 5 ಗ್ರಾಂ
ಬಿಳಿಗಾರ (ಬೊರಾಕ್ಸ್) 2 ಗ್ರಾಂ

750 ಮಿ.ಲೀ. ನೀರನ್ನು 50 ಡಿಗ್ರಿಯ ಆಸುಪಾಸಿಗೆ ಕಾಯಿಸಿ. ಮೊದಲು ಒಂದು ಚಿಟಿಕೆ ಸಲ್ಫೈಟ್ ಹಾಕಿ, ಆಮೇಲೆ ಮೆಟಾಲ್. ಅದು ಪೂರ್ತಿ ಕರಗಿದ ಮೇಲೆಯೇ ಉಳಿದ ಸಲ್ಫೈಟ್ ಅನ್ನು ಸ್ವಲ್ಪ ಸ್ವಲ್ಪವಾಗಿ ಸೇರಿಸಿ. ಈ ಕ್ರಮ ತಿರುವುಮುರುವಾದರೆ ಗಟ್ಟಿ ಸಲ್ಫೈಟ್ ದ್ರವದಲ್ಲಿ ಮೆಟಾಲ್ ಕರಗಲು ಒಪ್ಪುವುದಿಲ್ಲ, ಬಿಳಿ ಚೂರುಗಳು ತೇಲುತ್ತಲೇ ಇರುತ್ತವೆ. ಚಿಟಿಕೆ ಸಲ್ಫೈಟ್ ಯಾಕೆಂದರೆ ಮೆಟಾಲ್ ಒಂಟಿಯಾಗಿ ನೀರಿಗೆ ಬಿದ್ದಾಗ ಗಾಳಿ ತಗುಲಿ ಕಂದದಿರಲಿ ಎಂದು. ನಂತರ ಹೈಡ್ರೋಕ್ವಿನೋನ್, ಕೊನೆಗೆ ಬಿಳಿಗಾರ. ಒಂದು ಕರಗುವವರೆಗೆ ಇನ್ನೊಂದು ಬೇಡ. ಮಜ್ಜಿಗೆ ಕಡೆದಂತೆ ಕಡೆಯಬೇಡಿ, ನೊರೆ ಎದ್ದರೆ ಗಾಳಿ ಸೇರಿತೆಂದೇ ಅರ್ಥ. ಗಾಜಿನ ಕಡ್ಡಿಯಿಂದ ನಿಧಾನವಾಗಿ ತಿರುಗಿಸಿದರೆ ಸಾಕು. ತಣ್ಣೀರು ಸೇರಿಸಿ 1 ಲೀಟರ್ ಮಾಡಿ, ಒಂದು ರಾತ್ರಿ ಬಿಟ್ಟು ಬಳಸಿ.

ಈ ಸೂತ್ರದ ಒಂದು ಹಳೆಯ ಕಾಯಿಲೆ ಎಂದರೆ, ಇಟ್ಟಲ್ಲೇ ಕೆಲವು ವಾರಗಳಲ್ಲಿ ಕ್ಷಾರತೆ ಏರಿ ಡೆವಲಪರ್ ಚುರುಕಾಗುತ್ತದೆ, ಕಾಂಟ್ರಾಸ್ಟ್ ಹೆಚ್ಚುತ್ತದೆ. ಹಳೆಯದಾದರೆ ಮಂಕಾಗಬೇಕಲ್ಲವೇ ಎಂದು ಗೊಂದಲವಾಗುವುದು ಇಲ್ಲಿಯೇ. ಮದ್ದು ಸುಲಭ: ಬಿಳಿಗಾರ 2 ಗ್ರಾಂ ಬದಲು 8 ಗ್ರಾಂ, ಜೊತೆಗೆ ಬೋರಿಕ್ ಆಮ್ಲ 8 ಗ್ರಾಂ. ಇವೆರಡೂ ಸೇರಿ ಕ್ಷಾರತೆಯನ್ನು ಒಂದೇ ಮಟ್ಟದಲ್ಲಿ ಹಿಡಿದಿಡುತ್ತವೆ. ಈ ಬಗೆಗೆ ಡಿ-76ಡಿ ಎಂದೇ ಹೆಸರು.

ಇದಕ್ಕಿಂತ ಸರಳ ಬೇಕಾದರೆ ಡಿ-23 ಇದೆ. 1 ಲೀಟರಿಗೆ ಮೆಟಾಲ್ 7.5 ಗ್ರಾಂ, ಸಲ್ಫೈಟ್ 100 ಗ್ರಾಂ, ಅಷ್ಟೇ. ಕರಗಿಸುವ ಕ್ರಮ ಅದೇ. ಬಿಸಿಲಿನ ದೃಶ್ಯಗಳಲ್ಲಿ ಬೆಳಕಿನ ಭಾಗ ಸುಡದಂತೆ ಮೃದುವಾಗಿ ಹಿಡಿಯುತ್ತದೆ.

ಕೊಳ್ಳುವಾಗ ಹೆಸರಿನ ಬಗ್ಗೆ ಎಚ್ಚರ. ಸಲ್ಫೈಟ್ ಬೇರೆ, ಸಲ್ಫೇಟ್ ಬೇರೆ, ಬೈಸಲ್ಫೈಟ್ ಬೇರೆ. ಅಂಗಡಿಯ ಹುಡುಗನಿಗೆ ಮೂರೂ ಒಂದೇ ಥರ ಕೇಳಿಸುತ್ತವೆ. ಚೀಟಿಯಲ್ಲಿ ಬರೆದುಕೊಂಡು ಹೋಗಿ, ಡಬ್ಬಿಯ ಮೇಲೆ ಓದಿ ನೋಡಿ. ಸಲ್ಫೈಟ್ ಹರಳಿನ ರೂಪದಲ್ಲಿ ಸಿಕ್ಕರೆ ಅದರ ಅರ್ಧ ತೂಕ ನೀರೇ. 100 ಗ್ರಾಂ ಬದಲು 200 ಗ್ರಾಂ ಹಾಕಬೇಕು. ಬಿಳಿಗಾರ ಗ್ರಂಧಿಗೆ ಅಂಗಡಿಯಲ್ಲೂ ಸಿಗುತ್ತದೆ, ಆದರೆ ಪುಡಿ ಮಾಡಿದ್ದನ್ನು ಬಿಟ್ಟು ಹರಳನ್ನೇ ಕೊಳ್ಳಿ, ಕಲಬೆರಕೆಯ ಭಯ ಕಡಿಮೆ. ಕ್ಯಾರಂ ಬೋರ್ಡಿನ ಪುಡಿ ಬಿಳಿಗಾರವಲ್ಲ. ಅದು ಸಾಮಾನ್ಯವಾಗಿ ಬೋರಿಕ್ ಆಮ್ಲ ಇಲ್ಲವೇ ಪಿಷ್ಟ.

ತೂಕಕ್ಕೆ 0.1 ಗ್ರಾಂ ತೋರಿಸುವ ಜೇಬಿನ ತಕ್ಕಡಿ ಸಾಕು. ಅದು ನಿಜ ಹೇಳುತ್ತಿದೆಯೇ ನೋಡಲು ಎರಡು ಬಣ್ಣದ 10 ರೂಪಾಯಿ ನಾಣ್ಯ ಇಟ್ಟು ನೋಡಿ, 7.7 ಗ್ರಾಂ ತೋರಿಸಬೇಕು. ಅಡುಗೆಮನೆಯ ತಕ್ಕಡಿ 2 ಗ್ರಾಂ ಮೆಟಾಲ್‌ಗೆ ನಂಬಿಕೆಗೆ ತಕ್ಕದ್ದಲ್ಲ. ಪುಡಿ ತೂಗುವಾಗ ಫ್ಯಾನ್ ಆರಿಸಿ, ಮಾಸ್ಕ್ ಹಾಕಿ, ನೈಟ್ರೈಲ್ ಕೈಗವಸು ತೊಡಿ. ಮೆಟಾಲ್ ಕೆಲವರ ಚರ್ಮಕ್ಕೆ ಆಗುವುದಿಲ್ಲ. ಬೆರಳ ಸಂದಿಯಲ್ಲಿ ತುರಿಕೆ ಶುರುವಾಗಿ ಚರ್ಮ ಬಿರಿಯುತ್ತದೆ, ಒಮ್ಮೆ ಶುರುವಾದರೆ ಮುಂದೆ ಸ್ವಲ್ಪ ಸೋಕಿದರೂ ಮರುಕಳಿಸುತ್ತದೆ. ಅಂಥವರು ಮೆಟಾಲ್ ಇಲ್ಲದ, ಫೆನಿಡೋನ್ ಇರುವ ಡೆವಲಪರ್‌ಗೆ ಹೋಗಬೇಕು. ಮೈಕ್ರೋಫೆನ್ ಅಂಥದ್ದು.

ಸ್ಟಾಪ್ ಬಾತ್

ಇದಕ್ಕೆ ಹೆಚ್ಚು ಯೋಚನೆ ಬೇಡ. ಅಂಗಡಿಯ ಬಿಳಿ ವಿನೆಗರ್ ಒಂದು ಪಾಲು, ನೀರು ಎರಡು ಪಾಲು. ಗ್ಲೇಶಿಯಲ್ ಅಸಿಟಿಕ್ ಆಮ್ಲ ಇದ್ದರೆ ಲೀಟರ್ ನೀರಿಗೆ 15 ಮಿ.ಲೀ. ಆಮ್ಲವನ್ನು ನೀರಿಗೆ ಸುರಿಯಬೇಕು, ನೀರನ್ನು ಆಮ್ಲಕ್ಕೆ ಎಂದಿಗೂ ಸುರಿಯಬಾರದು. ಈ ಆಮ್ಲ 16.6 ಡಿಗ್ರಿಗಿಂತ ಕೆಳಗೆ ಹೆಪ್ಪುಗಟ್ಟುತ್ತದೆ. ಮಡಿಕೇರಿಯ ಡಿಸೆಂಬರ್ ಬೆಳಿಗ್ಗೆ ಬಾಟಲಿಯೊಳಗೆ ಮಂಜುಗಡ್ಡೆಯಂತೆ ಕಂಡರೆ ಕೆಟ್ಟಿತೆಂದು ಎಸೆಯಬೇಡಿ, ಉಗುರುಬೆಚ್ಚಗಿನ ನೀರಿನಲ್ಲಿ ನಿಲ್ಲಿಸಿದರೆ ಕರಗುತ್ತದೆ. ನಿಂಬೆ ಉಪ್ಪು ಎನ್ನುವ ಸಿಟ್ರಿಕ್ ಆಮ್ಲ ಲೀಟರಿಗೆ 15 ಗ್ರಾಂ ಹಾಕಿದರೂ ಆಗುತ್ತದೆ, ವಾಸನೆಯೂ ಇಲ್ಲ. ಆದರೆ ಆ ದ್ರವಕ್ಕೆ ಬೂಸ್ಟು ಹಿಡಿಯುತ್ತದೆ, ಅಂದಂದಿಗೆ ಮಾಡಿಕೊಳ್ಳಿ. ಯಾವುದೂ ಇಲ್ಲದಿದ್ದರೆ ಮೂರು ಸಲ ನೀರು ತುಂಬಿ ಚೆಲ್ಲಿದರೂ ಕೆಲಸ ನಡೆಯುತ್ತದೆ, ಫಿಕ್ಸರ್ ಮಾತ್ರ ಸ್ವಲ್ಪ ಬೇಗ ದಣಿಯುತ್ತದೆ.

ಫಿಕ್ಸರ್

ನಮ್ಮ ಸ್ಟುಡಿಯೋಗಳಲ್ಲಿ ಇದಕ್ಕೆ ಹೈಪೋ ಎಂದೇ ಹೆಸರು. ಹೈಪೋ ಎಂದರೆ ಸೋಡಿಯಂ ಥಯೋಸಲ್ಫೇಟ್. ಇದು ಬೆಳ್ಳಿಯ ಲವಣಗಳನ್ನು ಕರಗಿಸುತ್ತದೆ ಎಂದು ಜಾನ್ ಹರ್ಷೆಲ್ 1819ರಲ್ಲೇ ಕಂಡುಕೊಂಡಿದ್ದರು, ಛಾಯಾಚಿತ್ರ ಹುಟ್ಟುವುದಕ್ಕೂ ಮೊದಲು. ಈಗ ಬಾಟಲಿಯಲ್ಲಿ ಬರುವ ರ‍್ಯಾಪಿಡ್ ಫಿಕ್ಸರ್‌ನಲ್ಲಿರುವುದು ಅಮೋನಿಯಂ ಥಯೋಸಲ್ಫೇಟ್. ಅದು ಎರಡರಿಂದ ಐದು ನಿಮಿಷದಲ್ಲಿ ಕೆಲಸ ಮುಗಿಸುತ್ತದೆ, ಹೈಪೋಗೆ ಹತ್ತು ನಿಮಿಷ ಬೇಕು.

ಯಾವುದು ಒಳ್ಳೆಯದು? ಬೆಂಗಳೂರು, ಮೈಸೂರಿನಂಥ ಕಡೆ, ಬೇಗ ಬಳಸಿ ಮುಗಿಸುವವರಿಗೆ ರ‍್ಯಾಪಿಡ್ ಫಿಕ್ಸರ್. ಒಂದು ಪಾಲಿಗೆ ನಾಲ್ಕು ಪಾಲು ನೀರು, ಬೆರೆಸಿದ ಒಂದು ಲೀಟರಿನಲ್ಲಿ ಇಪ್ಪತ್ತಕ್ಕೂ ಹೆಚ್ಚು ರೀಲು. ಕಲಬುರಗಿ, ರಾಯಚೂರಿನಲ್ಲಿ ಬೇಸಿಗೆಗೆ 40 ಡಿಗ್ರಿ ದಾಟುವ ಮನೆಗಳಿಗೆ ನಾವು ಹೈಪೋ ಹರಳನ್ನೇ ಹೇಳುತ್ತೇವೆ. ಆಮ್ಲ ಬೆರೆತ ಫಿಕ್ಸರ್ ದ್ರವ ಬಿಸಿಯಲ್ಲಿ ಒಡೆಯುತ್ತದೆ: ಥಯೋಸಲ್ಫೇಟಿನಿಂದ ಗಂಧಕ ಬಿಟ್ಟುಕೊಂಡು ದ್ರವ ಹಾಲು ಕದಡಿದಂತಾಗಿ, ತಳದಲ್ಲಿ ತಿಳಿ ಹಳದಿ ಪುಡಿ ಕೂರುತ್ತದೆ. ಒಮ್ಮೆ ಹಾಗಾದರೆ ಸೋಸಿ ಬಳಸುವುದು ತರವಲ್ಲ, ಚೆಲ್ಲಬೇಕಾದ್ದೇ. ಹೈಪೋ ಹರಳು ಒಣ ಡಬ್ಬಿಯಲ್ಲಿ ಎಷ್ಟು ವರ್ಷವಾದರೂ ಇರುತ್ತದೆ.

ಹೈಪೋ ಫಿಕ್ಸರ್ ಮಾಡುವುದು ಹೀಗೆ: 600 ಮಿ.ಲೀ. ಬೆಚ್ಚಗಿನ ನೀರಿಗೆ 15 ಗ್ರಾಂ ಸಲ್ಫೈಟ್, ಅದು ಕರಗಿದ ಮೇಲೆ 250 ಗ್ರಾಂ ಹೈಪೋ ಹರಳು, ಒಟ್ಟು 1 ಲೀಟರ್. ನೀರು ಬೆಚ್ಚಗೇ ಇರಬೇಕು. ಹೈಪೋ ಕರಗುವಾಗ ಸುತ್ತಲಿನ ಶಾಖವನ್ನು ಎಳೆದುಕೊಳ್ಳುತ್ತದೆ, ಕೈಯಲ್ಲಿ ಹಿಡಿದ ಜಾರ್ ನೋಡನೋಡುತ್ತಿದ್ದಂತೆ ತಣ್ಣಗಾಗಿ ಹೊರಮೈ ಬೆವರುತ್ತದೆ. ತಣ್ಣೀರಿನಲ್ಲಿ ಶುರು ಮಾಡಿದರೆ ಅರ್ಧ ಹರಳು ತಳದಲ್ಲೇ ಉಳಿಯುತ್ತದೆ. ಪುಡಿ ರೂಪದ ಅನ್‌ಹೈಡ್ರಸ್ ಹೈಪೋ ಸಿಕ್ಕರೆ 250 ಗ್ರಾಂ ಬದಲು 160 ಗ್ರಾಂ ಸಾಕು. ಇದರಲ್ಲಿ ಆಮ್ಲವಿಲ್ಲದ್ದರಿಂದ ಸ್ಟಾಪ್ ಬಾತ್ ನಂತರ ಒಮ್ಮೆ ನೀರಿನಲ್ಲಿ ಜಾಲಿಸಿ ಫಿಕ್ಸರ್ ಹಾಕಿ.

ಫಿಕ್ಸರ್ ಇನ್ನೂ ಜೀವಂತವೇ ಎಂದು ತಿಳಿಯಲು ಫಿಲಂನ ತುದಿಯ ಲೀಡರ್ ತುಂಡು ಸಾಕು, ಬೆಳಕಿನಲ್ಲೇ ಮಾಡಬಹುದು. ತುಂಡಿನ ಮಧ್ಯೆ ಒಂದು ಹನಿ ಫಿಕ್ಸರ್ ಬಿಡಿ. ಅರ್ಧ ನಿಮಿಷದಲ್ಲಿ ಅಲ್ಲೊಂದು ತಿಳಿಯಾದ ಚುಕ್ಕೆ ಮೂಡುತ್ತದೆ. ಈಗ ಇಡೀ ತುಂಡನ್ನು ಫಿಕ್ಸರ್‌ಗೆ ಹಾಕಿ ಗಡಿಯಾರ ನೋಡಿ. ಸುತ್ತಲಿನ ಹಾಲುಬಣ್ಣ ಕರಗುತ್ತಾ ಬಂದು ಚುಕ್ಕೆ ಎಲ್ಲಿತ್ತೆಂದು ಗುರುತು ಸಿಗದಂತಾದ ಕ್ಷಣವೇ ತಿಳಿಯಾಗುವ ಸಮಯ. ಮೊದಲೇ ಚುಕ್ಕೆ ಇಡದಿದ್ದರೆ ಪೂರ್ತಿ ತಿಳಿಯಾಯಿತೋ ಇಲ್ಲವೋ ಎಂದು ಕಣ್ಣಿಗೆ ನಿರ್ಧರಿಸಲಾಗುವುದಿಲ್ಲ. ಆ ಸಮಯದ ಎರಡರಷ್ಟು ಹೊತ್ತು ಫಿಕ್ಸ್ ಮಾಡಿ. ಟಿ-ಮ್ಯಾಕ್ಸ್, ಡೆಲ್ಟಾ ಫಿಲಂಗಳಿಗೆ ಮೂರರಷ್ಟು. ಹೊಸ ಫಿಕ್ಸರ್‌ನ ಮೊದಲ ದಿನದ ಸಮಯವನ್ನು ಬಾಟಲಿಯ ಮೇಲೆ ಬರೆದಿಡಿ. ಅದು ಇಮ್ಮಡಿಯಾದ ದಿನ ಫಿಕ್ಸರ್ ಬದಲಿಸಿ, ರೀಲಿನ ಲೆಕ್ಕ ಏನೇ ಹೇಳಲಿ.

ನೀರು

ಡೆವಲಪರ್ ಬೆರೆಸಲು ಮತ್ತು ಕೊನೆಯ ತೊಳೆತಕ್ಕೆ ಮಾತ್ರ ಒಳ್ಳೆಯ ನೀರು ಬೇಕು, ನಡುವಿನದಕ್ಕೆಲ್ಲ ನಲ್ಲಿ ನೀರು ಸಾಕು. ಬೋರ್‌ವೆಲ್ ನೀರಿನ ಗಡಸುತನ ಒಣಗಿದ ನೆಗೆಟಿವ್ ಮೇಲೆ ಸುಣ್ಣದ ಹನಿಗಳಾಗಿ ಉಳಿಯುತ್ತದೆ. ಆರ್‌ಒ ನೀರು, ಇಲ್ಲವೇ ಬ್ಯಾಟರಿಗೆ ಹಾಕುವ ಡಿಸ್ಟಿಲ್ಡ್ ನೀರು ತನ್ನಿ. ಬ್ಯಾಟರಿ ಆಸಿಡ್ ಕೂಡ ಅದೇ ಅಂಗಡಿಯಲ್ಲಿ ಅಂಥದ್ದೇ ಕ್ಯಾನಿನಲ್ಲಿ ಇರುತ್ತದೆ, ಹೆಸರು ಓದಿ ಕೊಳ್ಳಿ. ವೆಟಿಂಗ್ ಏಜೆಂಟ್ ಅನ್ನು ಬಾಟಲಿಯಲ್ಲಿ ಹೇಳಿದ್ದಕ್ಕಿಂತ ಹೆಚ್ಚು ಹಾಕಬೇಡಿ. ಫೋಟೋ-ಫ್ಲೋ 200 ಆದರೆ 200 ಪಾಲು ನೀರಿಗೆ ಒಂದು ಪಾಲು. ಹೆಚ್ಚಾದರೆ ಅದೇ ಕಲೆಯಾಗಿ ಕೂರುತ್ತದೆ.

ಶಾಖದ ವಿಷಯಕ್ಕೆ ಬಂದರೆ, ಚೀಟಿಗಳಲ್ಲಿ ಬರೆದಿರುವುದು 20 ಡಿಗ್ರಿ. ಏಪ್ರಿಲ್‌ನಲ್ಲಿ ನಮ್ಮ ಓವರ್‌ಹೆಡ್ ಟ್ಯಾಂಕಿನ ನೀರನ್ನು ಅಲ್ಲಿಗೆ ಇಳಿಸುವುದೂ ಕಷ್ಟ, ಅಲ್ಲೇ ನಿಲ್ಲಿಸುವುದು ಇನ್ನೂ ಕಷ್ಟ. 24 ಡಿಗ್ರಿಯನ್ನೇ ನಿಮ್ಮ ಮನೆಯ ಶಾಶ್ವತ ಲೆಕ್ಕ ಮಾಡಿಕೊಳ್ಳಿ. ಡಿಗ್ರಿಗೆ ನೂರಕ್ಕೆ ಹತ್ತರಷ್ಟು ಸಮಯ ಕಡಿಮೆ ಮಾಡುತ್ತಾ ಹೋದರೆ, ಐಡಿ-11 ಸಮಸಮ ಬೆರೆಸಿದ್ದರಲ್ಲಿ 20 ಡಿಗ್ರಿಗೆ 13 ನಿಮಿಷ ಬೇಕಾಗುವ ಎಚ್‌ಪಿ5 ಪ್ಲಸ್ ಫಿಲಂ 24 ಡಿಗ್ರಿಯಲ್ಲಿ ಸುಮಾರು 9 ನಿಮಿಷಕ್ಕೆ ಬರುತ್ತದೆ. ಯಾವ ಲೆಕ್ಕದಲ್ಲೂ 5 ನಿಮಿಷಕ್ಕಿಂತ ಕೆಳಗೆ ಹೋಗಬೇಡಿ, ಡೆವಲಪರ್ ಸುರಿಯುವ ಹೊತ್ತಿನ ವ್ಯತ್ಯಾಸವೇ ಆಕಾಶದಲ್ಲಿ ಪಟ್ಟೆಯಾಗಿ ಕಾಣುತ್ತದೆ. ತಣ್ಣಗೆ ಮಾಡಲು ಐಸನ್ನು ಡೆವಲಪರ್‌ಗೆ ಹಾಕಬೇಡಿ. ಜಿಪ್ ಕವರಿನಲ್ಲಿ ಕಟ್ಟಿದ ಐಸನ್ನು ಸುತ್ತಲಿನ ಬಕೆಟ್ ನೀರಿಗೆ ಹಾಕಿ.

ಬಾಟಲಿ, ಗಾಳಿ, ಬಿಸಿ

ಡೆವಲಪರ್‌ನ ಮೊದಲ ಶತ್ರು ಗಾಳಿಯ ಆಮ್ಲಜನಕ, ಎರಡನೆಯದು ಬಿಸಿ. ಶಾಖ 10 ಡಿಗ್ರಿ ಏರಿದರೆ ಕೆಡುವ ವೇಗ ಇಮ್ಮಡಿ ಎಂದು ಹಿಡಿಯಿರಿ. 20 ಡಿಗ್ರಿಯಲ್ಲಿ 6 ತಿಂಗಳು ಬಾಳುವ ಸ್ಟಾಕ್ 30 ಡಿಗ್ರಿಯ ಕಪಾಟಿನಲ್ಲಿ 3 ತಿಂಗಳು. ಆ ಅರ್ಧದ ಲೆಕ್ಕವನ್ನೇ ಬಾಟಲಿಯ ಮೇಲೆ ಬರೆಯಿರಿ.

ಕಂದು ಬಣ್ಣದ ಗಾಜಿನ ಬಾಟಲಿಗಳು ಎಲ್ಲಕ್ಕಿಂತ ಮೇಲು. ಪ್ಲಾಸ್ಟಿಕ್‌ನಲ್ಲಿ ಪೆಟ್ (PET) ಎಂದು ಗುರುತಿರುವುದು ಆಗಬಹುದು. ಹಾಲುಬಿಳಿ ಬಣ್ಣದ, ಒತ್ತಿದರೆ ಮೆತ್ತಗಿರುವ ಕ್ಯಾನ್‌ಗಳ ಗೋಡೆಯ ಮೂಲಕವೇ ಗಾಳಿ ನುಸುಳುತ್ತದೆ. ಅವು ಫಿಕ್ಸರ್‌ಗೆ ಸರಿ, ಡೆವಲಪರ್‌ಗೆ ಬೇಡ. ಮಡಿಕೆ ಮಡಿಕೆಯಾಗಿ ಕುಗ್ಗುವ ಅಕಾರ್ಡಿಯನ್ ಬಾಟಲಿ ನೋಡಲು ಜಾಣತನದ್ದೆನಿಸಿದರೂ ಮಡಿಕೆಗಳ ಒಳಗಿನ ಕೊಳೆ ತೊಳೆಯಲಾಗುವುದಿಲ್ಲ, ಗಾಳಿಯನ್ನೂ ಪೂರ್ತಿ ತಡೆಯುವುದಿಲ್ಲ.

ಒಂದು ಲೀಟರ್ ಸ್ಟಾಕ್ ಮಾಡಿದರೆ ಒಂದು ದೊಡ್ಡ ಬಾಟಲಿಯ ಬದಲು 250 ಮಿ.ಲೀ.ನ ನಾಲ್ಕು ಬಾಟಲಿಗೆ ಕಂಠದವರೆಗೆ ತುಂಬಿ. ಒಂದು ತೆರೆದರೆ ಒಂದು ಮುಗಿಯುತ್ತದೆ, ಉಳಿದ ಮೂರಕ್ಕೆ ಗಾಳಿ ಸೋಕುವುದಿಲ್ಲ. ಅರ್ಧ ಉಳಿದ ಬಾಟಲಿಗೆ ಗಾಜಿನ ಗೋಲಿಗಳನ್ನು ಒಂದೊಂದಾಗಿ ಬಿಡಿ. ಮಟ್ಟ ಏರುತ್ತಾ ಬಂದು ಕತ್ತಿನಲ್ಲಿ ದ್ರವ ತುಂಬಿ ನಿಂತಾಗ ಮುಚ್ಚಳ ತಿರುಗಿಸಿ. ಮಕ್ಕಳಾಡುವ ಸಾಧಾರಣ ಗೋಲಿ ಸುಮಾರು 2 ಮಿ.ಲೀ. ಜಾಗ ತುಂಬುತ್ತದೆ. 100 ಮಿ.ಲೀ. ಖಾಲಿಯಿದ್ದರೆ ಐವತ್ತು ಗೋಲಿ ಬೇಕು. ಸೋಪಿನಲ್ಲಿ ತೊಳೆದು ಒಣಗಿಸಿ ಹಾಕಿ, ಮೇಲೆ ಬಣ್ಣ ಬಳಿದ ಗೋಲಿ ಬೇಡ. ಗಾಜಿನ ಬಾಟಲಿಯನ್ನು ವಾಲಿಸಿ ಹಿಡಿದು ಗೋಲಿ ಜಾರಿಸಿ, ನೇರವಾಗಿ ಬಿದ್ದರೆ ತಳ ಒಡೆಯುತ್ತದೆ.

ಕುಡಿಯುವ ನೀರಿನ, ಜ್ಯೂಸಿನ ಬಾಟಲಿಗಳಲ್ಲಿ ಯಾವ ಕೆಮಿಕಲ್ಲನ್ನೂ ಇಡಬೇಡಿ. ಫಿಕ್ಸರ್ ನೀರಿನ ಹಾಗೆಯೇ ಕಾಣುತ್ತದೆ. ಬಾಯಾರಿ ಬಂದ ಮಗು ಹೆಸರುಚೀಟಿ ಓದುವುದಿಲ್ಲ. ಕಪಾಟಿಗೆ ಬೀಗ ಇರಲಿ. ಫ್ರಿಜ್ ಬೇಡ, ಅನ್ನ-ಸಾರಿನ ಜೊತೆ ಇಡುವ ವಸ್ತುಗಳಲ್ಲ ಇವು. ಮೇಲಾಗಿ ತೀರಾ ತಣ್ಣಗಾದರೆ ಸ್ಟಾಕ್‌ನಿಂದ ಹರಳು ಬೇರ್ಪಡುತ್ತದೆ.

ಮನೆಯಲ್ಲಿ ತಂಪು ಜಾಗ ಯಾವುದು? ಅಟ್ಟವಂತೂ ಅಲ್ಲ. ಆರ್‌ಸಿಸಿ ಚಾವಣಿಯ ಕೆಳಗಿನ ಸಜ್ಜಾ ಸಂಜೆ ಏಳಕ್ಕೂ ಕಾದಿರುತ್ತದೆ. ಉತ್ತರ ಗೋಡೆಯ ಕಪಾಟಿನ ಎಲ್ಲಕ್ಕಿಂತ ಕೆಳಗಿನ ಅರೆ ಅಥವಾ ಮಂಚದ ಕೆಳಗಿನ ಪೆಟ್ಟಿಗೆ ಒಳ್ಳೆಯದು. ಬಚ್ಚಲುಮನೆ ತಂಪಾದರೂ ತೇವ, ಪುಡಿಗಳಿಗೆ ಆಗದು. ಕರಾವಳಿಯ ಮಳೆಗಾಲದಲ್ಲಿ ಸಲ್ಫೈಟ್ ಗಾಳಿಯ ತೇವದೊಂದಿಗೆ ಆಮ್ಲಜನಕವನ್ನೂ ಹೀರಿ ಮೆಲ್ಲಗೆ ಸಲ್ಫೇಟ್ ಆಗುತ್ತದೆ. ನೋಡಲು ಅದೇ ಬಿಳಿ ಪುಡಿ, ಕೆಲಸಕ್ಕೆ ಬಾರದು. ಉಡುಪಿ, ಕಾರವಾರದ ಕಡೆಯವರು ದೊಡ್ಡ ಡಬ್ಬಿ ಕೊಂಡ ದಿನವೇ 100 ಗ್ರಾಂನ ಪೊಟ್ಟಣಗಳಾಗಿ ಎರಡೆರಡು ಜಿಪ್ ಕವರಿನಲ್ಲಿ ಕಟ್ಟಿ, ಸಿಲಿಕಾ ಜೆಲ್ ಹಾಕಿದ ಬಿಗಿ ಡಬ್ಬಿಯಲ್ಲಿಡಿ. ಗಂಟುಗಂಟಾದ ಸಲ್ಫೈಟ್ ಬಳಸಬೇಡಿ. ಮೆಟಾಲ್ ಬೆಳ್ಳಗಿರಬೇಕು. ಸ್ವಲ್ಪ ಮಾಸಿದರೆ ನಡೆಯುತ್ತದೆ, ಕಂದಾದರೆ ಇಲ್ಲ.

ಚೀಟಿಯಲ್ಲಿ ನಾಲ್ಕು ವಿಷಯ: ಹೆಸರು, ಎಷ್ಟು ಬೆರಕೆ, ಬೆರೆಸಿದ ತಾರೀಖು, ಎಷ್ಟು ರೀಲಾಯಿತು. ಪೆನ್ನಿನ ಶಾಯಿ ಒದ್ದೆ ಕೈಗೆ ಅಳಿಸುತ್ತದೆ, ಪೆನ್ಸಿಲಿನಿಂದ ಬರೆದು ಮೇಲೆ ಪಾರದರ್ಶಕ ಟೇಪ್ ಅಂಟಿಸಿ. ಡೆವಲಪರ್‌ಗೆ ಒಂದು ಆಲಿಕೆ, ಫಿಕ್ಸರ್‌ಗೆ ಇನ್ನೊಂದು. ಮುಚ್ಚಳಗಳಿಗೂ ಬೇರೆ ಬೇರೆ ಬಣ್ಣ ಬಳಿಯಿರಿ, ಅದಲುಬದಲಾಗಬಾರದು. ಡೆವಲಪರ್ ಒಳಗೆ ಸೇರಿದ ಚೂರು ಫಿಕ್ಸರ್ ಇಡೀ ರೀಲಿಗೆ ಮಂಜು ಕವಿಸುತ್ತದೆ.

ತೊಳೆಯುವ ಮುಂಚೆ, ತೊಳೆದ ಮೇಲೆ

ಪ್ರತಿ ಸಲ ಟ್ಯಾಂಕಿಗೆ ಸುರಿಯುವ ಮುನ್ನ ಲೀಡರ್ ತುಂಡನ್ನು ಬೆಳಕಿನಲ್ಲೇ ಡೆವಲಪರ್‌ಗೆ ಹಾಕಿ ನೋಡಿ. ಒಂದೆರಡು ನಿಮಿಷದಲ್ಲಿ ಕಪ್ಪಾಗಲು ಶುರುವಾಗಬೇಕು, ಆ ಡೆವಲಪರ್‌ನ ಪೂರ್ತಿ ಸಮಯಕ್ಕೆ ಕಾಡಿಗೆಯಂತಾಗಬೇಕು. ಹೊಸ ಡೆವಲಪರ್‌ನಲ್ಲಿ ಮಾಡಿದ ಒಂದು ತುಂಡನ್ನು ಫಿಕ್ಸ್ ಮಾಡಿ ಬಾಟಲಿಗೇ ಅಂಟಿಸಿಡಿ. ಮುಂದಿನ ತುಂಡುಗಳನ್ನು ಅದರ ಪಕ್ಕದಲ್ಲಿ ಕಿಟಕಿಯತ್ತ ಹಿಡಿದಾಗ ಬೂದು ಕಂಡರೆ ಡೆವಲಪರ್ ಚೆಲ್ಲಿ. ಬಣ್ಣ ನೋಡಿ ತೀರ್ಮಾನಿಸಬೇಡಿ: ಕಂದಾದ ರೋಡಿನಾಲ್ ಜೀವಂತ, ತಿಳಿಯಾದ ಎಕ್ಸ್‌ಟಾಲ್ ಸತ್ತಿರಬಹುದು, ಕಂದಾದ ಡಿ-76 ಮಾತ್ರ ಖಂಡಿತ ಮುಗಿದಿದೆ.

ನೆಗೆಟಿವ್ ತೆಳು ಬಂದರೆ ಮೊದಲು ಅಂಚಿನ ಅಂಕಿ ಅಕ್ಷರಗಳನ್ನು ನೋಡಿ. ಅವನ್ನು ಫಿಲಂ ತಯಾರಕರೇ ಬೆಳಕಿನಿಂದ ಮುದ್ರಿಸಿರುತ್ತಾರೆ, ನಿಮ್ಮ ಕ್ಯಾಮೆರಾಕ್ಕೂ ಅದಕ್ಕೂ ಸಂಬಂಧವಿಲ್ಲ. ಅಕ್ಷರ ಗಾಢವಾಗಿದ್ದು ಚಿತ್ರ ಮಾತ್ರ ತೆಳುವಾಗಿದ್ದರೆ ಬೆಳಕು ಕಡಿಮೆ ಕೊಟ್ಟಿದ್ದೀರಿ. ಎರಡೂ ಮಂಕಾಗಿದ್ದರೆ ಡೆವಲಪರ್ ದುರ್ಬಲ, ಇಲ್ಲವೇ ಸಮಯ ಅಥವಾ ಶಾಖ ಕಡಿಮೆ. ಅಕ್ಷರವೇ ಇಲ್ಲದೆ ಫಿಲಂ ಗಾಜಿನಷ್ಟು ತಿಳಿಯಾಗಿದ್ದರೆ ಡೆವಲಪರ್ ಸತ್ತಿದೆ, ಅಥವಾ ಫಿಕ್ಸರ್ ಮೊದಲು ಸುರಿದಿದ್ದೀರಿ. ಹಾಲುಬಿಳಿ ಮಬ್ಬು ಉಳಿದರೆ ಫಿಕ್ಸ್ ಸಾಲದು, ಹೊಸ ಫಿಕ್ಸರ್‌ನಲ್ಲಿ ಮತ್ತೆ ಅದ್ದಿ. ಟಿ-ಮ್ಯಾಕ್ಸ್, ಡೆಲ್ಟಾಗಳಲ್ಲಿ ಗುಲಾಬಿ ಛಾಯೆ ಉಳಿದರೂ ಅದೇ ಮದ್ದು, ಜೊತೆಗೆ ಇನ್ನಷ್ಟು ತೊಳೆತ. ಓರೆಯಾಗಿ ಹಿಡಿದಾಗ ಹಸಿರು-ನೇರಳೆ ಮಿನುಗು ಕಂಡರೆ ಫಿಕ್ಸರ್ ದಣಿದಿದೆ, ಅಥವಾ ಅದು ಡೆವಲಪರ್ ಒಳಗೆ ಬೆರೆತಿದೆ.

ಚೆಲ್ಲುವುದು

ಬಳಸಿದ ಡೆವಲಪರ್ ಮತ್ತು ಸ್ಟಾಪ್ ಬಾತ್ ಒಟ್ಟಿಗೆ ಸೇರಿಸಿ, ಸಾಕಷ್ಟು ನೀರಿನೊಂದಿಗೆ ನಗರದ ಒಳಚರಂಡಿಗೆ ಬಿಡಬಹುದು. ಒಳಚರಂಡಿ ಇಲ್ಲದ ಊರಿನಲ್ಲಿ ಬಾವಿಯ ಬಳಿ, ಇಂಗುಗುಂಡಿಗೆ, ತೋಟಕ್ಕೆ ಸುರಿಯಬೇಡಿ, ಕ್ಯಾನಿನಲ್ಲಿ ಕೂಡಿಡಿ. ಫಿಕ್ಸರ್ ಅನ್ನು ಎಲ್ಲೂ ಹಾಗೆಯೇ ಚೆಲ್ಲಬಾರದು, ಅದರೊಳಗೆ ನಿಮ್ಮ ಫಿಲಂಗಳಿಂದ ಕರಗಿದ ಬೆಳ್ಳಿಯಿದೆ, ನೀರಿನ ಜೀವಗಳಿಗೆ ಅದು ವಿಷ. ಬ್ಲೀಚಿಂಗ್ ದ್ರವ ಹಾಕಿದ ಬಚ್ಚಲಿಗಂತೂ ಖಂಡಿತ ಸುರಿಯಬೇಡಿ, ಕೆಟ್ಟ ಗಾಳಿ ಏಳುತ್ತದೆ. ಎಕ್ಸ್-ರೇ ಕೇಂದ್ರಗಳಿಂದ ಹಳೆಯ ಫಿಕ್ಸರ್ ಕೊಳ್ಳುವವರು ಊರಿನಲ್ಲಿದ್ದರೆ ಅವರಿಗೆ ಕೊಡಿ. ಇಲ್ಲದಿದ್ದರೆ ಹಾರ್ಡ್‌ವೇರ್ ಅಂಗಡಿಯ ಕಬ್ಬಿಣದ ಉಣ್ಣೆಯನ್ನು ಆ ಕ್ಯಾನಿಗೆ ಹಾಕಿ ಗಾಳಿಯಾಡುವ ಜಾಗದಲ್ಲಿ ಒಂದು ವಾರ ಬಿಡಿ. ಕಬ್ಬಿಣ ಕರಗುತ್ತಾ ಬೆಳ್ಳಿ ಕಪ್ಪು ಬೂದಿ ಬಣ್ಣದ ಕೆಸರಾಗಿ ತಳ ಸೇರುತ್ತದೆ. ಪಾತ್ರೆ ತಿಕ್ಕುವ ಹೊಳೆಯುವ ಸ್ಟೀಲ್ ನಾರು ಇದಕ್ಕೆ ಆಗದು, ಅದು ತುಕ್ಕು ಹಿಡಿಯದ ಉಕ್ಕು, ಫಿಕ್ಸರ್‌ನಲ್ಲಿ ಹಾಗೆಯೇ ಇದ್ದುಬಿಡುತ್ತದೆ. ಕೊಳ್ಳುವಾಗ ಒಂದು ಎಳೆಯನ್ನು ನೀರಿನಲ್ಲಿಟ್ಟು ಮರುದಿನ ನೋಡಿ, ತುಕ್ಕು ಹಿಡಿದರೆ ಅದೇ ಸರಿಯಾದದ್ದು.